ಆಸ್ಪತ್ರೆಯ ಬಾಗಿಲಲ್ಲಿ ಸರಕಾರದ ಹೊಣೆ: ಒಂದು ಚಾರಿತ್ರಿಕ ನೋಟ

ಚರಿತ್ರೆ ಎಂದೊಡನೆ ನಮ್ಮ ವಿದ್ಯಾರ್ಥಿಗಳ ನೆನಪಿಗೆ ಬರುವುದು ಯುದ್ಧಗಳು, ರಾಜವಂಶಗಳು ಮತ್ತು ಪರೀಕ್ಷೆಗೆ ಬಾಯಿಪಾಠ ಮಾಡಬೇಕಾದ ಇಸವಿಗಳು. ಆದರೆ ಜನಸಾಮಾನ್ಯರ ಬದುಕಿಗೆ ತೀರಾ ಹತ್ತಿರವಾದ ಸಂಗತಿಗಳಿಗೂ ಒಂದು ಚರಿತ್ರೆ ಇದೆ. ಅಪಘಾತದಲ್ಲಿ ಗಾಯಗೊಂಡವನನ್ನು ನಡುರಾತ್ರಿಯಲ್ಲಿ ಆಸ್ಪತ್ರೆಗೆ ಸಾಗಿಸುವುದು ಯಾರ ಕೆಲಸ? ಸರಕಾರಿ ಆಸ್ಪತ್ರೆಯ ಬಾಗಿಲಲ್ಲಿ 'ಹಾಸಿಗೆ ಖಾಲಿ ಇಲ್ಲ' ಎಂಬ ಉತ್ತರ ಸಿಕ್ಕಿದರೆ ಅದಕ್ಕೆ ಹೊಣೆ ಯಾರು? ಈ ಪ್ರಶ್ನೆಗಳಿಗೆ ಇಂದು ನಮ್ಮ ದೇಶದ ಕಾನೂನಿನಲ್ಲಿ ಉತ್ತರವಿದೆ. ಆ ಉತ್ತರ ತಾನಾಗಿಯೇ ಬಂದದ್ದಲ್ಲ. ಅದರ ಹಿಂದೆ ಒಬ್ಬ ಬಡ ಕೂಲಿಕಾರನ ನೋವಿದೆ, ಒಂದು ಕಾರ್ಮಿಕ ಸಂಘಟನೆಯ ಹೋರಾಟವಿದೆ, ಸರ್ವೋಚ್ಚ ನ್ಯಾಯಾಲಯದ ಒಂದು ತೀರ್ಪಿದೆ. ಆ ಚರಿತ್ರೆಯನ್ನು ಸಂಕ್ಷಿಪ್ತವಾಗಿ ಪರಿಚಯಿಸುವುದು ಈ ಲೇಖನದ ಉದ್ದೇಶ.

ಒಳ್ಳೆಯ ಆಡಳಿತಗಾರ ಮತ್ತು ಬರೆದಿಟ್ಟ ಕರ್ತವ್ಯ

ರೋಗಿಗಳ ಆರೈಕೆ ಆಳುವವರ ಕರ್ತವ್ಯ ಎಂಬ ಭಾವನೆ ಹೊಸದೇನಲ್ಲ. ಹತ್ತನೇ ಶತಮಾನದ ಆರಂಭದಲ್ಲಿ ಬಗ್ದಾದಿನ ಅಬ್ಬಾಸಿ ಆಡಳಿತದಲ್ಲಿ ವಜೀರನಾಗಿದ್ದ ಅಲಿ ಇಬ್ನ್ ಈಸಾ, ಅಲ್ಲಿನ ಪ್ರಮುಖ ವೈದ್ಯ ಸಿನಾನ್ ಇಬ್ನ್ ಸಾಬಿತ್‌ಗೆ ಪತ್ರ ಬರೆದು ಎರಡು ಆದೇಶಗಳನ್ನು ನೀಡಿದ್ದನ್ನು ವೈದ್ಯಕೀಯ ಚರಿತ್ರೆಯ ಹಳೆಯ ಅರಬಿ ಗ್ರಂಥಗಳು ದಾಖಲಿಸಿವೆ. ಒಂದು, ಸೆರೆಮನೆಗಳಲ್ಲಿರುವ ಕೈದಿಗಳನ್ನು ಪ್ರತಿದಿನ ವೈದ್ಯರು ಹೋಗಿ ನೋಡಬೇಕು. ಇನ್ನೊಂದು, ವೈದ್ಯರೇ ಇಲ್ಲದ ಹಳ್ಳಿಗಳಿಗೆ ಔಷಧಗಳೊಂದಿಗೆ ವೈದ್ಯರ ತಂಡವನ್ನು ಕಳುಹಿಸಬೇಕು; ಅವರು ಅಗತ್ಯವಿದ್ದಷ್ಟು ದಿನ ಅಲ್ಲಿ ತಂಗಿ, ಚಿಕಿತ್ಸೆ ನೀಡಿ, ಮುಂದಿನ ಊರಿಗೆ ಸಾಗಬೇಕು. ಇಂದಿನ ಸಂಚಾರಿ ಚಿಕಿತ್ಸಾಲಯಗಳಿಗೆ ಸಾವಿರ ವರ್ಷಗಳ ಹಿಂದಿನ ಪೂರ್ವರೂಪ ಇದು ಎನ್ನಬಹುದು.

ಆದರೆ ಇಲ್ಲಿ ಗಮನಿಸಬೇಕಾದ ಒಂದು ಅಂಶವಿದೆ. ಈ ವ್ಯವಸ್ಥೆ ನಿಂತಿದ್ದು ಒಬ್ಬ ವಜೀರನ ಕಾಳಜಿಯ ಮೇಲೆ. ವಜೀರ ಬದಲಾದರೆ ಏನು ಗತಿ? ಕೈರೋದಲ್ಲಿ 1284ರಲ್ಲಿ ಮಮ್ಲೂಕ್ ಸುಲ್ತಾನ ಅಲ್ ಮನ್ಸೂರ್ ಕಲಾವೂನ್ ಕಟ್ಟಿಸಿದ ಮಹಾ ಆಸ್ಪತ್ರೆ ಈ ಪ್ರಶ್ನೆಗೆ ಬೇರೊಂದು ಬಗೆಯ ಉತ್ತರ ನೀಡಿತು. ಅದರ ಖರ್ಚಿಗೆ ಆಸ್ತಿಗಳನ್ನು ವಕ್ಫ್ ಮಾಡಲಾಯಿತು. ಗಂಡಸು-ಹೆಂಗಸು, ಬಡವ-ಬಲ್ಲಿದ ಎಂಬ ಭೇದವಿಲ್ಲದೆ ರೋಗಿಗಳನ್ನು ಸೇರಿಸಿಕೊಳ್ಳಬೇಕು ಎಂಬುದನ್ನು ವಕ್ಫ್ ಪತ್ರದಲ್ಲಿಯೇ ಬರೆದಿಡಲಾಯಿತು. ಅಂದರೆ ದೊರೆಯ ಮನಸ್ಸಿನಲ್ಲಿದ್ದ ದಯೆ ದಾಖಲೆಯೊಳಗಿನ ಷರತ್ತಾಯಿತು. ಸುಲ್ತಾನ ತೀರಿಕೊಂಡ ಮೇಲೂ ಆಸ್ಪತ್ರೆ ಶತಮಾನಗಳ ಕಾಲ ನಡೆಯಿತು. ದಯೆ ಮನುಷ್ಯನೊಂದಿಗೆ ಹೋಗುತ್ತದೆ, ಬರೆದಿಟ್ಟ ಕರ್ತವ್ಯ ಉಳಿಯುತ್ತದೆ. ಮುಂದಿನ ಇಡೀ ಚರಿತ್ರೆಯನ್ನು ಅರ್ಥ ಮಾಡಿಕೊಳ್ಳಲು ಈ ಒಂದು ಮಾತು ನಮಗೆ ನೆರವಾಗುತ್ತದೆ.

ಅಧಿಕಾರವಿತ್ತು, ಉತ್ತರದಾಯಿತ್ವ ಇರಲಿಲ್ಲ

ಇನ್ನು ನಮ್ಮ ದೇಶದ ಕಡೆಗೆ ಬರೋಣ. ಬ್ರಿಟಿಷರ ಕಾಲದಲ್ಲಿ ಸಾರ್ವಜನಿಕ ಆರೋಗ್ಯದ ಬಗ್ಗೆ ಬಂದ ಅತಿ ಪ್ರಸಿದ್ಧ ಕಾಯ್ದೆಯೆಂದರೆ 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆ. 1896ರಲ್ಲಿ ಮುಂಬಯಿಯಲ್ಲಿ ಪ್ಲೇಗ್ ಕಾಣಿಸಿಕೊಂಡ ಬೆನ್ನಲ್ಲೇ ಅವಸರದಲ್ಲಿ ತಂದ ಕಾಯ್ದೆ ಅದು. ಅದರಲ್ಲಿದ್ದುದು ಬೆರಳೆಣಿಕೆಯ ಕಲಮುಗಳು ಮಾತ್ರ. ರೋಗ ತಡೆಯಲು ಯಾವ ಕ್ರಮವನ್ನಾದರೂ ಕೈಗೊಳ್ಳಲು ಸರಕಾರಕ್ಕೆ ಅಧಿಕಾರ. ಆದೇಶ ಮೀರಿದವರಿಗೆ ಶಿಕ್ಷೆ. ಸದುದ್ದೇಶದಿಂದ ಕೆಲಸ ಮಾಡಿದ ಅಧಿಕಾರಿಗಳ ವಿರುದ್ಧ ದಾವೆ ಹೂಡುವಂತಿಲ್ಲ ಎಂಬ ರಕ್ಷಣೆ. ಆದರೆ ರೋಗಿಗೆ ಚಿಕಿತ್ಸೆ ಪಡೆಯುವ ಹಕ್ಕಿನ ಬಗ್ಗೆ ಅದರಲ್ಲಿ ಒಂದು ಮಾತೂ ಇರಲಿಲ್ಲ. ಪುಣೆಯಲ್ಲಿ ಪ್ಲೇಗ್ ಕಾರ್ಯಾಚರಣೆಯ ಹೆಸರಿನಲ್ಲಿ ಮನೆಗಳಿಗೆ ನುಗ್ಗಿ ಶೋಧ ನಡೆಸಿದ ರೀತಿ ಜನರನ್ನು ಎಷ್ಟು ಕೆರಳಿಸಿತೆಂದರೆ, 1897ರ ಜೂನ್ 22ರಂದು ಪ್ಲೇಗ್ ಅಧಿಕಾರಿ ರ‍್ಯಾಂಡ್‌ನ ಮೇಲೆ ಚಾಪೇಕರ್ ಸಹೋದರರು ಗುಂಡು ಹಾರಿಸಿದರು. ಇದೇ ಕಾಯ್ದೆಯನ್ನು 123 ವರ್ಷಗಳ ಬಳಿಕ, 2020ರ ಕೊರೋನ ಕಾಲದಲ್ಲಿ ಮತ್ತೆ ಜಾರಿಗೆ ತರಲಾಯಿತು ಎಂಬುದನ್ನು ವಿದ್ಯಾರ್ಥಿಗಳು ನೆನಪಿಟ್ಟುಕೊಳ್ಳಬೇಕು.

ಮೈಸೂರು ಸಂಸ್ಥಾನದ ಚಿತ್ರ ಸ್ವಲ್ಪ ಭಿನ್ನವಾಗಿತ್ತು. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದಾಗ ಅಲ್ಲಿನ ಆಡಳಿತ ಇಕ್ಕಟ್ಟಾದ ಪೇಟೆಯಿಂದ ಜನರನ್ನು ಹೊರಗೆ ನೆಲೆಗೊಳಿಸಲು ಮುಂದಾಯಿತು. ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಬೆಳೆದದ್ದು ಆ ಹಿನ್ನೆಲೆಯಲ್ಲಿ. 1900ರಲ್ಲಿ ವಿಕ್ಟೋರಿಯಾ ಆಸ್ಪತ್ರೆ ಆರಂಭವಾಯಿತು. 1926ರಿಂದ 1941ರ ತನಕ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲ್ ಅವರ ಕಾಲದಲ್ಲಿ ರಾಕ್‌ಫೆಲರ್ ಪ್ರತಿಷ್ಠಾನದ ಸಹಕಾರದೊಂದಿಗೆ ಮಂಡ್ಯ ಹಾಗೂ ಆಗಿನ ಕ್ಲೋಸ್‌ಪೇಟೆ, ಅಂದರೆ ಇಂದಿನ ರಾಮನಗರದಲ್ಲಿ ಗ್ರಾಮೀಣ ಆರೋಗ್ಯ ಘಟಕಗಳ ಪ್ರಯೋಗ ನಡೆಯಿತು. ಇವೆಲ್ಲವೂ ಪ್ರಶಂಸನೀಯ. ಆದರೂ ಇದು ಪ್ರಜೆಗಳಿಗೆ ಸಂಸ್ಥಾನ ಒದಗಿಸಿದ ಸೌಕರ್ಯವೇ ಹೊರತು, ಸಿಗದಿದ್ದರೆ ಕೇಳಬಹುದಾದ ಹಕ್ಕಾಗಿರಲಿಲ್ಲ.

ಭೋರ್ ಸಮಿತಿಯಿಂದ ಸಂವಿಧಾನದ ವರೆಗೆ

1943ರಲ್ಲಿ ಸರ್ ಜೋಸೆಫ್ ಭೋರ್ ಅವರ ಅಧ್ಯಕ್ಷತೆಯಲ್ಲಿ ಆರೋಗ್ಯ ಸಮೀಕ್ಷಾ ಸಮಿತಿಯೊಂದು ನೇಮಕವಾಯಿತು. 1946ರಲ್ಲಿ ಅದು ನೀಡಿದ ವರದಿ ಸ್ವತಂತ್ರ ಭಾರತದ ಆರೋಗ್ಯ ವ್ಯವಸ್ಥೆಗೆ ತಳಹದಿಯಾಯಿತು. ಹಣ ಕೊಡಲು ಶಕ್ತಿಯಿಲ್ಲವೆಂಬ ಕಾರಣಕ್ಕೆ ಯಾರಿಗೂ ಚಿಕಿತ್ಸೆ ತಪ್ಪಬಾರದು ಎಂಬುದು ಅದರ ಮೂಲ ತತ್ವ. ನಾವು ಇಂದು ಕಾಣುವ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಕಲ್ಪನೆ ಆ ವರದಿಯಿಂದ ಬಂದದ್ದು. ಮೊದಲ ಹಂತದಲ್ಲಿ 40,000 ಜನಸಂಖ್ಯೆಗೆ ಒಂದು ಕೇಂದ್ರ ಇರಬೇಕೆಂದು ಅದು ಸೂಚಿಸಿತ್ತು.

ಅದೇ ವರ್ಷ ಬ್ರಿಟನ್ನಿನಲ್ಲಿ ರಾಷ್ಟ್ರೀಯ ಆರೋಗ್ಯ ಸೇವಾ ಕಾಯ್ದೆ ಬಂತು. ಆಂಬುಲೆನ್ಸ್ ಒದಗಿಸುವುದು ಸ್ಥಳೀಯ ಆರೋಗ್ಯ ಪ್ರಾಧಿಕಾರದ ಕರ್ತವ್ಯ ಎಂದು ಅದರಲ್ಲಿ ಸ್ಪಷ್ಟವಾಗಿ ಬರೆಯಲಾಗಿತ್ತು. ನಮ್ಮಲ್ಲಿ ಹಾಗೆ ಬರೆದಿಡುವ ಕಾಯ್ದೆ ಆಗ ಬರಲಿಲ್ಲ. 1950ರಲ್ಲಿ ಜಾರಿಗೆ ಬಂದ ನಮ್ಮ ಸಂವಿಧಾನ ಸಾರ್ವಜನಿಕ ಆರೋಗ್ಯ ಮತ್ತು ಆಸ್ಪತ್ರೆಗಳನ್ನು ರಾಜ್ಯಗಳ ಪಟ್ಟಿಗೆ ಸೇರಿಸಿತು. 47ನೇ ವಿಧಿ, ಜನರ ಆರೋಗ್ಯವನ್ನು ಸುಧಾರಿಸುವುದನ್ನು ರಾಜ್ಯವು ತನ್ನ ಪ್ರಾಥಮಿಕ ಕರ್ತವ್ಯಗಳಲ್ಲಿ ಒಂದೆಂದು ತಿಳಿಯಬೇಕು ಎಂದಿತು. ಆದರೆ ಅದು ರಾಜ್ಯನೀತಿಯ ನಿರ್ದೇಶಕ ತತ್ವಗಳ ಭಾಗ. ಆ ತತ್ವಗಳು ದೇಶದ ಆಡಳಿತಕ್ಕೆ ಮೂಲಭೂತವಾದರೂ ನ್ಯಾಯಾಲಯದ ಮೂಲಕ ಅವುಗಳನ್ನು ಜಾರಿಗೊಳಿಸುವಂತಿಲ್ಲ ಎಂದು 37ನೇ ವಿಧಿ ಹೇಳುತ್ತದೆ. ಹೀಗಾಗಿ ಕರ್ತವ್ಯವನ್ನು ಬರೆದಿಡಲಾಯಿತು ನಿಜ, ಕೇಳುವ ದಾರಿ ಮಾತ್ರ ಮುಚ್ಚಿತ್ತು. ಆ ದಾರಿ ತೆರೆದುಕೊಳ್ಳಲು ನಾಲ್ಕು ದಶಕಗಳು ಹಿಡಿದವು.

ಮೊದಲ ಹೆಜ್ಜೆ: 1989ರ ತೀರ್ಪು

ಸ್ಕೂಟರ್ ಸವಾರನೊಬ್ಬನಿಗೆ ವೇಗವಾಗಿ ಬಂದ ಕಾರು ಡಿಕ್ಕಿ ಹೊಡೆಯಿತು. ಹತ್ತಿರದ ಆಸ್ಪತ್ರೆಯವರು, ಇದು ಪೊಲೀಸ್ ಪ್ರಕರಣ, ಇಂಥವನ್ನು ನಾವು ತೆಗೆದುಕೊಳ್ಳುವಂತಿಲ್ಲ ಎಂದು ಸುಮಾರು 20 ಕಿ.ಮೀ. ದೂರದ ಇನ್ನೊಂದು ಆಸ್ಪತ್ರೆಗೆ ಕಳುಹಿಸಿದರು. ಅಲ್ಲಿಗೆ ತಲುಪುವ ಮೊದಲೇ ಗಾಯಾಳು ಸತ್ತುಹೋದ. ಪತ್ರಿಕೆಯಲ್ಲಿ ಬಂದ ಈ ವರದಿಯನ್ನು ಮುಂದಿಟ್ಟುಕೊಂಡು ಪರಮಾನಂದ ಕಟಾರ ಎಂಬ ವಕೀಲರು ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. 1989ರ ಆಗಸ್ಟ್ 28ರಂದು ಬಂದ ತೀರ್ಪು ಹೀಗಿತ್ತು: ಜೀವ ಉಳಿಸುವುದು ಮೊದಲ ಕೆಲಸ, ಪೊಲೀಸ್ ವಿಧಿವಿಧಾನಗಳು ಆಮೇಲಿನವು, ವೈದ್ಯ ಸರಕಾರಿಯಾಗಿರಲಿ ಖಾಸಗಿಯಾಗಿರಲಿ, ಗಾಯಾಳುವಿಗೆ ಕೂಡಲೇ ಚಿಕಿತ್ಸೆ ನೀಡುವುದು ಆತನ ಕರ್ತವ್ಯ.

ಈ ತೀರ್ಪು ವೈದ್ಯರ ಕರ್ತವ್ಯವನ್ನು ಹೇಳಿತು. ಆದರೆ ವೈದ್ಯರು ಸಿದ್ಧರಿದ್ದೂ ಹಾಸಿಗೆ ಇಲ್ಲದಿದ್ದರೆ? ಉಪಕರಣ ಇಲ್ಲದಿದ್ದರೆ? ವಾಹನ ಇಲ್ಲದಿದ್ದರೆ? ಆಗ ತಪ್ಪಿತಸ್ಥ ವೈದ್ಯನೋ, ಸರಕಾರವೋ? ಈ ಪ್ರಶ್ನೆಗೆ ಉತ್ತರ ಬಂದದ್ದು ಹಕೀಂ ಶೇಖ್ ಪ್ರಕರಣದಲ್ಲಿ.

ಹಕೀಂ ಶೇಖ್‌ನ ಆ ರಾತ್ರಿ

ಹಕೀಂ ಶೇಖ್ ಪಶ್ಚಿಮ ಬಂಗಾಳದ ಕೃಷಿ ಕಾರ್ಮಿಕರ ಸಂಘಟನೆಯಾದ 'ಪಶ್ಚಿಮ್ ಬಂಗ ಖೇತ್ ಮಜ್ದೂರ್ ಸಮಿತಿ'ಯ ಸದಸ್ಯ. 1992ರ ಜುಲೈ 8ರಂದು ರಾತ್ರಿ ಸುಮಾರು 7.45ಕ್ಕೆ ಮಥುರಾಪುರ ನಿಲ್ದಾಣದಲ್ಲಿ ಚಲಿಸುತ್ತಿದ್ದ ರೈಲಿನಿಂದ ಆತ ಕೆಳಗೆ ಬಿದ್ದ. ತಲೆಗೆ ತೀವ್ರ ಪೆಟ್ಟಾಗಿ ಮಿದುಳಿನಲ್ಲಿ ರಕ್ತಸ್ರಾವವಾಗಿತ್ತು. ಮುಂದೆ ನಡೆದುದನ್ನು ನ್ಯಾಯಾಲಯದ ತೀರ್ಪೇ ಗಂಟೆ ಗಂಟೆಯ ಲೆಕ್ಕದಲ್ಲಿ ದಾಖಲಿಸಿದೆ.

ಮೊದಲು ಆತನನ್ನು ಮಥುರಾಪುರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕೊಂಡೊಯ್ದರು. ಅಲ್ಲಿ ಇಂತಹ ಚಿಕಿತ್ಸೆಗೆ ಸೌಲಭ್ಯ ಇರಲಿಲ್ಲ. ಡೈಮಂಡ್ ಹಾರ್ಬರ್‌ನ ಉಪವಿಭಾಗೀಯ ಆಸ್ಪತ್ರೆಗೋ ಬೇರೆ ಯಾವುದಾದರೂ ಸರಕಾರಿ ಆಸ್ಪತ್ರೆಗೋ ಒಯ್ಯುವಂತೆ ವೈದ್ಯಾಧಿಕಾರಿ ಬರೆದುಕೊಟ್ಟರು.

ರಾತ್ರಿ 11.45ರ ಸುಮಾರಿಗೆ ಕೋಲ್ಕತಾದ ಎನ್.ಆರ್.ಎಸ್. ವೈದ್ಯಕೀಯ ಕಾಲೇಜು ಆಸ್ಪತ್ರೆ. ಅಲ್ಲಿ ಎಕ್ಸ್‌ರೇ ತೆಗೆದರು. ಗಾಯ ಗಂಭೀರವಾಗಿದೆ, ಕೂಡಲೇ ದಾಖಲಿಸಬೇಕು ಎಂದು ವೈದ್ಯರು ಬರೆದರು. ಆದರೆ ಹಾಸಿಗೆ ಇರಲಿಲ್ಲ.

12.20ಕ್ಕೆ ಕಲ್ಕತ್ತಾ ವೈದ್ಯಕೀಯ ಕಾಲೇಜು ಆಸ್ಪತ್ರೆ. ಅಲ್ಲೂ ಹಾಸಿಗೆ ಇಲ್ಲ.

1 ಗಂಟೆಗೆ ಶಂಭುನಾಥ್ ಪಂಡಿತ್ ಆಸ್ಪತ್ರೆ. ತಲೆಯ ಗಾಯಕ್ಕೆ ಬೇಕಾದ ತುರ್ತು ವಿಭಾಗ ಇಲ್ಲ.

2 ಗಂಟೆಗೆ ನ್ಯಾಷನಲ್ ವೈದ್ಯಕೀಯ ಕಾಲೇಜು ಆಸ್ಪತ್ರೆ. ಹಾಸಿಗೆ ಇಲ್ಲ.

ಬೆಳಗ್ಗೆ 8ಕ್ಕೆ ಬಂಗೂರ್ ನರರೋಗ ಸಂಸ್ಥೆ. ಅಷ್ಟರಲ್ಲಿ ಖಾಸಗಿ ಆಸ್ಪತ್ರೆಯೊಂದರಲ್ಲಿ 1,310 ರೂಪಾಯಿ ಕೊಟ್ಟು ಸಿ.ಟಿ. ಸ್ಕ್ಯಾನ್ ಮಾಡಿಸಲಾಗಿತ್ತು. ಅದನ್ನು ನೋಡಿದ ಅಲ್ಲಿನವರು, ಇದು ತುರ್ತು ಪ್ರಕರಣ, ಇಲ್ಲಿ ನಿಭಾಯಿಸಲಾಗದು ಎಂದರು.

10 ಗಂಟೆಗೆ ಎಸ್.ಎಸ್.ಕೆ.ಎಂ. ಆಸ್ಪತ್ರೆ. ನರ ಶಸ್ತ್ರಚಿಕಿತ್ಸೆಯ ಸೌಲಭ್ಯ ಇಲ್ಲ.

ಹದಿನಾಲ್ಕು ಗಂಟೆಗಳು ಕಳೆದಿದ್ದವು. ಒಂದು ಆರೋಗ್ಯ ಕೇಂದ್ರ ಮತ್ತು ಮಹಾನಗರದ ಆರು ಸರಕಾರಿ ಆಸ್ಪತ್ರೆಗಳನ್ನು ಸುತ್ತಿಯಾಗಿತ್ತು. ಕೊನೆಗೆ ಒಂದು ಖಾಸಗಿ ಆಸ್ಪತ್ರೆಯಲ್ಲಿ ಆತನನ್ನು ದಾಖಲಿಸಲಾಯಿತು. ಜುಲೈ 22ರ ತನಕ ಅಲ್ಲಿ ಒಳರೋಗಿಯಾಗಿದ್ದು ಆತ ಬದುಕಿ ಬಂದ. ಖರ್ಚಾದದ್ದು ಸುಮಾರು 17,000 ರೂಪಾಯಿ. 1992ರಲ್ಲಿ ಕೃಷಿ ಕಾರ್ಮಿಕನೊಬ್ಬನಿಗೆ ಅದೆಷ್ಟು ದೊಡ್ಡ ಮೊತ್ತ ಎಂಬುದನ್ನು ಓದುಗರು ಊಹಿಸಬಹುದು.

ಇಂತಹ ಅನುಭವ ಆತನೊಬ್ಬನದೇ ಆಗಿರಲಿಲ್ಲ. ಎಷ್ಟೋ ಬಡವರು ಹೀಗೆ ಅಲೆದು, ಬದುಕಿದರೆ ಅದೃಷ್ಟ, ಸತ್ತರೆ ಹಣೆಬರಹ ಎಂದು ಸುಮ್ಮನಾಗಿದ್ದರು. ಹಕೀಂ ಶೇಖ್ ಮತ್ತು ಆತನ ಸಂಘಟನೆ ಸುಮ್ಮನಾಗಲಿಲ್ಲ. ಅವರು ಸಂವಿಧಾನದ 32ನೇ ವಿಧಿಯಡಿ ನೇರವಾಗಿ ಸುಪ್ರೀಂ ಕೋರ್ಟಿಗೆ ರಿಟ್ ಅರ್ಜಿ ಸಲ್ಲಿಸಿದರು. ಅವರು ಕೇಳಿದ್ದು ಕರುಣೆಯನ್ನಲ್ಲ. 21ನೇ ವಿಧಿ ಕೊಟ್ಟಿರುವ ಜೀವಿಸುವ ಹಕ್ಕು ಆಸ್ಪತ್ರೆಯ ಬಾಗಿಲಲ್ಲಿ ಇದೆಯೇ ಇಲ್ಲವೇ ಎಂದು ಕೇಳಿದರು.

ರಿಜಿಸ್ಟರಿನಲ್ಲಿ ಬರೆಯಬೇಕಾದ ಹೆಸರು

ಪ್ರಕರಣ ನ್ಯಾಯಾಲಯದ ಮುಂದಿದ್ದಾಗ ರಾಜ್ಯ ಸರಕಾರ ಕಲ್ಕತ್ತಾ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಲೀಲಾಮಯ್ ಘೋಷ್ ಅವರ ನೇತೃತ್ವದಲ್ಲಿ ತನಿಖಾ ಸಮಿತಿಯನ್ನು ನೇಮಿಸಿತು. ಸಮಿತಿ 1995ರ ಮಾರ್ಚ್‌ನಲ್ಲಿ ವರದಿ ನೀಡಿ ಘಟನೆಗೆ ಹೊಣೆಗಾರರನ್ನು ಗುರುತಿಸಿತು. ಮುಂದೆ ಹೀಗಾಗದಂತೆ ಪರಿಹಾರೋಪಾಯಗಳನ್ನೂ ಸೂಚಿಸಿತು.

ಆ ಸಲಹೆಗಳನ್ನು ಓದಿದರೆ ಒಂದು ವಿಷಯ ಎದ್ದು ಕಾಣುತ್ತದೆ. ಅವುಗಳಲ್ಲಿ ಹೆಚ್ಚಿನವು ಕೋಟ್ಯಂತರ ರೂಪಾಯಿ ಖರ್ಚಿನವಲ್ಲ. ತುರ್ತು ವಿಭಾಗಕ್ಕೆ ಬಂದ ಪ್ರತಿಯೊಬ್ಬ ರೋಗಿಯ ಹೆಸರು, ವಯಸ್ಸು, ವಿಳಾಸ, ಬಂದ ದಿನ ಮತ್ತು ಗಂಟೆಯನ್ನು ರಿಜಿಸ್ಟರಿನಲ್ಲಿ ಬರೆಯಬೇಕು. ಬೇರೆಡೆಗೆ ಕಳುಹಿಸಿದರೆ ಎಲ್ಲಿಗೆ ಕಳುಹಿಸಲಾಯಿತು ಎಂಬುದನ್ನೂ ಬರೆಯಬೇಕು. ನೋಡಿದ ವೈದ್ಯಾಧಿಕಾರಿ ಯಾರು ಎಂಬುದು ಸ್ಪಷ್ಟವಾಗಿ ಗೊತ್ತಾಗುವಂತಿರಬೇಕು. ಹಾಸಿಗೆ ಖಾಲಿ ಇಲ್ಲದಿದ್ದರೆ ಮೇಲಧಿಕಾರಿಯನ್ನು ಸಂಪರ್ಕಿಸಿ ಬೇರೆ ವಾರ್ಡಿನ ಹಾಸಿಗೆಯನ್ನು ಹೊಂದಿಸಿಕೊಳ್ಳಬೇಕು. ಯಾವ ಆಸ್ಪತ್ರೆಯಲ್ಲಿ ಎಷ್ಟು ಹಾಸಿಗೆ ಖಾಲಿ ಇದೆ ಎಂದು ತಿಳಿಸುವ ಕೇಂದ್ರೀಯ ಹಾಸಿಗೆ ಮಾಹಿತಿ ಕಚೇರಿಯೊಂದು ಇರಬೇಕು, ಅದಕ್ಕೆ ವೈರ್‌ಲೆಸ್ ಮುಂತಾದ ಸಂಪರ್ಕ ಸೌಲಭ್ಯ ಇರಬೇಕು.

ಇವು ನೋಡಲು ಸಣ್ಣ ವಿಷಯಗಳು. ಆದರೆ ಉತ್ತರದಾಯಿತ್ವದ ಇಡೀ ಗುಟ್ಟು ಇಲ್ಲಿಯೇ ಇದೆ. 'ಇಲ್ಲ' ಎಂದು ಬಾಯಲ್ಲಿ ಹೇಳಿ ಕಳುಹಿಸುವುದು ಸುಲಭ. ಇಂತಹ ರೋಗಿಯನ್ನು ಇಷ್ಟು ಗಂಟೆಗೆ, ಇಂತಹ ಕಾರಣಕ್ಕೆ, ಇಂತಹ ಕಡೆಗೆ ಕಳುಹಿಸಿದ್ದೇನೆ ಎಂದು ಬರೆದು ಕೆಳಗೆ ಹೆಸರು ಹಾಕುವುದು ಸುಲಭವಲ್ಲ. ಹೆಸರು ಹಾಕಬೇಕಾದವನು ಇನ್ನೊಮ್ಮೆ ಯೋಚಿಸುತ್ತಾನೆ, ಪಕ್ಕದ ವಾರ್ಡಿಗೆ ಫೋನ್ ಮಾಡುತ್ತಾನೆ. ವೈದ್ಯನಿಗೂ ಇದರಿಂದ ರಕ್ಷಣೆಯಿದೆ. ಸೌಲಭ್ಯವೇ ಇಲ್ಲದಿದ್ದರೆ ಆ ಕೊರತೆಯ ದಾಖಲೆ ಮೇಲಕ್ಕೆ ಹೋಗಿ, ಉತ್ತರ ಕೊಡಬೇಕಾದವರು ಸರಕಾರದವರೇ ಆಗುತ್ತಾರೆ.

1996ರ ಮೇ 6ರ ತೀರ್ಪು

ನ್ಯಾಯಮೂರ್ತಿಗಳಾದ ಎಸ್.ಸಿ. ಅಗರವಾಲ್ ಮತ್ತು ಜಿ.ಟಿ. ನಾನಾವತಿ ಅವರ ಪೀಠ 1996ರ ಮೇ 6ರಂದು ತೀರ್ಪು ನೀಡಿತು. ಕಲ್ಯಾಣ ರಾಜ್ಯದಲ್ಲಿ ಜನರಿಗೆ ಸಾಕಷ್ಟು ವೈದ್ಯಕೀಯ ಸೌಲಭ್ಯ ಒದಗಿಸುವುದು ಸರಕಾರದ ಅವಶ್ಯ ಕರ್ತವ್ಯ. ಅಗತ್ಯವಿದ್ದವನಿಗೆ ಸಕಾಲದಲ್ಲಿ ಚಿಕಿತ್ಸೆ ನೀಡಲು ಸರಕಾರಿ ಆಸ್ಪತ್ರೆ ವಿಫಲವಾದರೆ ಅದು 21ನೇ ವಿಧಿಯ ಉಲ್ಲಂಘನೆ ಎಂದು ಅದು ಸಾರಿತು. ಹಕೀಂ ಶೇಖ್‌ಗೆ 25,000 ರೂಪಾಯಿ ಪರಿಹಾರ ಕೊಡುವಂತೆ ರಾಜ್ಯ ಸರಕಾರಕ್ಕೆ ಆದೇಶಿಸಿತು. ಮೊತ್ತ ದೊಡ್ಡದಲ್ಲ. ಆದರೆ ಅದು ಸಹಾಯಧನವಾಗಿರಲಿಲ್ಲ, ಹಕ್ಕನ್ನು ಉಲ್ಲಂಘಿಸಿದ್ದಕ್ಕೆ ಸರಕಾರ ತೆರಬೇಕಾದ ಪರಿಹಾರವಾಗಿತ್ತು. ಈ ವ್ಯತ್ಯಾಸವೇ ಮುಖ್ಯ.

ಹಣ ಇಲ್ಲ ಎಂಬ ನೆಪವನ್ನೂ ನ್ಯಾಯಾಲಯ ಒಪ್ಪಲಿಲ್ಲ. ಈ ಸೌಲಭ್ಯಗಳಿಗೆ ಹಣ ಬೇಕು ಎಂಬುದು ನಿಜ. ಆದರೆ ಸಂವಿಧಾನದತ್ತ ಕರ್ತವ್ಯದಿಂದ ಹಣದ ಕೊರತೆಯ ಕಾರಣ ಹೇಳಿ ನುಣುಚಿಕೊಳ್ಳುವಂತಿಲ್ಲ ಎಂದು ಅದು ಹೇಳಿತು. ಬಡ ಆರೋಪಿಗಳಿಗೆ ಉಚಿತ ಕಾನೂನು ನೆರವಿನ ವಿಷಯದಲ್ಲಿ ಬಿಹಾರದ ಖತ್ರಿ ಪ್ರಕರಣದಲ್ಲಿ 1981ರಲ್ಲಿ ಹೇಳಿದ್ದ ಮಾತನ್ನೇ ಆರೋಗ್ಯಕ್ಕೂ ಅನ್ವಯಿಸಿತು.

ತೀರ್ಪಿನ ಕೊನೆಯಲ್ಲಿ ಬರುವ ನಿರ್ದೇಶನಗಳು ಹಕೀಂ ಶೇಖ್ ಸಾಗಿದ ದಾರಿಯಲ್ಲೇ ಒಂದೊಂದಾಗಿ ಸಾಗುತ್ತವೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರೋಗಿಯ ಸ್ಥಿತಿಯನ್ನು ಸ್ಥಿರಗೊಳಿಸುವಷ್ಟಾದರೂ ತಕ್ಷಣದ ಚಿಕಿತ್ಸೆಗೆ ಸೌಲಭ್ಯ ಬೇಕು. ಜಿಲ್ಲಾ ಮತ್ತು ಉಪವಿಭಾಗ ಮಟ್ಟದ ಆಸ್ಪತ್ರೆಗಳನ್ನು ಗಂಭೀರ ಪ್ರಕರಣಗಳಿಗೆ ತಕ್ಕಂತೆ ಮೇಲ್ದರ್ಜೆಗೆ ಏರಿಸಬೇಕು. ತಜ್ಞ ಚಿಕಿತ್ಸೆಯ ಸೌಲಭ್ಯ ಹೆಚ್ಚಬೇಕು. ಎಲ್ಲಿ ಹಾಸಿಗೆ ಇದೆ ಎಂದು ತಿಳಿದು ರೋಗಿಯನ್ನು ನೇರವಾಗಿ ಅಲ್ಲಿಗೇ ಕಳುಹಿಸಲು ಕೇಂದ್ರೀಯ ಸಂಪರ್ಕ ವ್ಯವಸ್ಥೆ ಬೇಕು. ಒಂದು ಆಸ್ಪತ್ರೆಯಿಂದ ಮತ್ತೊಂದಕ್ಕೆ ಸಾಗಿಸಲು ಆಂಬುಲೆನ್ಸ್ ಇರಬೇಕು. ಆ ಆಂಬುಲೆನ್ಸಿನಲ್ಲಿ ಅಗತ್ಯ ಉಪಕರಣಗಳೂ ವೈದ್ಯಕೀಯ ಸಿಬ್ಬಂದಿಯೂ ಇರಬೇಕು. ಇತರ ರಾಜ್ಯಗಳು ಈ ಪ್ರಕರಣದಲ್ಲಿ ಕಕ್ಷಿಗಾರರಲ್ಲದಿದ್ದರೂ ಅವೂ ಈ ಬೆಳಕಿನಲ್ಲಿ ಕ್ರಮ ಕೈಗೊಳ್ಳಬೇಕೆಂದು ನ್ಯಾಯಾಲಯ ಹೇಳಿತು. ಹೀಗೆ ಮಥುರಾಪುರದ ಒಬ್ಬ ಕೂಲಿಕಾರನ ಪ್ರಕರಣ ಕರ್ನಾಟಕದ ಹಳ್ಳಿಯವನಿಗೂ ಅನ್ವಯವಾಗುವ ತತ್ವವಾಯಿತು.

108: ತೀರ್ಪಿನಿಂದ ರಸ್ತೆಗೆ

ತೀರ್ಪು ಬಂದ ಮರುದಿನವೇ ಆಂಬುಲೆನ್ಸ್ ಬರಲಿಲ್ಲ. 2005ರ ಏಪ್ರಿಲ್‌ನಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಆರಂಭವಾಯಿತು. ಅದೇ ವರ್ಷದ ಆಗಸ್ಟ್ 15ರಂದು ಹೈದರಾಬಾದಿನಲ್ಲಿ 108 ಸೇವೆ ಶುರುವಾಯಿತು. ಕರ್ನಾಟಕದಲ್ಲಿ 2008ರ ನವೆಂಬರ್ 1ರ ರಾಜ್ಯೋತ್ಸವದಂದು 'ಆರೋಗ್ಯ ಕವಚ' ಎಂಬ ಹೆಸರಿನಲ್ಲಿ ಅದು ಜಾರಿಗೆ ಬಂತು. ಒಂದೇ ಸಂಖ್ಯೆ, ಉಚಿತ ಕರೆ, ಉಚಿತ ವಾಹನ, ಅದರಲ್ಲಿ ತರಬೇತಿ ಪಡೆದ ಸಿಬ್ಬಂದಿ. ಅದಕ್ಕೆ ಮೊದಲು ನಮ್ಮ ಊರುಗಳಲ್ಲಿ ಜೀಪು, ಆಟೋ ರಿಕ್ಷಾ, ಅಥವಾ ಯಾವುದಾದರೂ ಸಂಘ ಸಂಸ್ಥೆಯ ವ್ಯಾನು ಇವೇ ಆಂಬುಲೆನ್ಸ್ ಆಗಿದ್ದವು. ಹೆರಿಗೆ ನೋವಿನ ಹೆಣ್ಣುಮಕ್ಕಳಿಗೆ 108ರಿಂದ ಆದ ಉಪಕಾರವನ್ನು ಹಿರಿಯರು ಬಲ್ಲರು.

ಆದರೆ ಇಲ್ಲೊಂದು ಹೊಸ ಪ್ರಶ್ನೆ ಹುಟ್ಟಿಕೊಂಡಿತು. ಈ ಸೇವೆಯನ್ನು ಸರಕಾರ ಬಹುಮಟ್ಟಿಗೆ ಹೊರಗಿನ ಸಂಸ್ಥೆಗಳಿಗೆ ಗುತ್ತಿಗೆ ಕೊಟ್ಟು ನಡೆಸುತ್ತದೆ. ಆಂಬುಲೆನ್ಸ್ ತಡವಾಗಿ ಬಂದರೆ ಇಲಾಖೆ ಗುತ್ತಿಗೆದಾರರ ಕಡೆಗೆ, ಗುತ್ತಿಗೆದಾರರು ಇಲಾಖೆಯಿಂದ ಬಾಕಿ ಬರಬೇಕಾದ ಹಣದ ಕಡೆಗೆ ಬೆರಳು ತೋರಿಸುವ ಅಪಾಯ ಇದ್ದೇ ಇದೆ. ಕೆಲಸವನ್ನು ಗುತ್ತಿಗೆ ಕೊಡಬಹುದು, ಸಂವಿಧಾನದತ್ತ ಹೊಣೆಯನ್ನು ಗುತ್ತಿಗೆ ಕೊಡಲಾಗದು. 1996ರ ತೀರ್ಪನ್ನು ಓದಿದವರಿಗೆ ಇದು ಸ್ಪಷ್ಟ. ಅಲ್ಲಿ ಪರಿಹಾರ ಕೊಡಬೇಕಾಗಿ ಬಂದದ್ದು ಸರಕಾರಕ್ಕೇ.

ತಲಪಾಡಿಯಲ್ಲಿ ನಿಂತ ಆಂಬುಲೆನ್ಸ್

ಹೊಣೆಯ ಪ್ರಶ್ನೆ ಇಷ್ಟಕ್ಕೇ ಮುಗಿಯುವುದಿಲ್ಲ ಎಂಬುದಕ್ಕೆ 2020ರ ಲಾಕ್‌ಡೌನ್ ದಿನಗಳು ಸಾಕ್ಷಿ. ಕಾಸರಗೋಡಿನ ಉತ್ತರ ಭಾಗದ ಜನರಿಗೆ ಬಹುಕಾಲದಿಂದ ಮಂಗಳೂರೇ ದೊಡ್ಡಾಸ್ಪತ್ರೆಯ ಊರು. ಅವರಲ್ಲಿ ಕನ್ನಡ, ತುಳು, ಬ್ಯಾರಿ, ಮಲೆಯಾಳ ಮಾತನಾಡುವ ಎಲ್ಲರೂ ಇದ್ದಾರೆ. ಆ ವರ್ಷದ ಮಾರ್ಚ್ ಕೊನೆಯಲ್ಲಿ ಕೊರೋನ ಹರಡುವ ಭೀತಿಯಿಂದ ಕರ್ನಾಟಕವು ಗಡಿ ರಸ್ತೆಗಳನ್ನು ಮುಚ್ಚಿತು. ತಲಪಾಡಿಯಲ್ಲಿ ಆಂಬುಲೆನ್ಸ್‌ಗಳಿಗೂ ತಡೆಯಾಯಿತು. ಕೊರೋನಕ್ಕೆ ಸಂಬಂಧವೇ ಇಲ್ಲದ ರೋಗಿಗಳು ಸಕಾಲದಲ್ಲಿ ಆಸ್ಪತ್ರೆ ತಲುಪಲಾಗದೆ ಮೃತಪಟ್ಟ ವರದಿಗಳು ಬಂದವು. ವಾಹನವಿತ್ತು, ಗಡಿಯಾಚೆ ಆಸ್ಪತ್ರೆಯೂ ಇತ್ತು, ನಡುವಿನ ದಾರಿ ಮಾತ್ರ ಇರಲಿಲ್ಲ.

ಏಪ್ರಿಲ್ 1ರಂದು ಕೇರಳ ಹೈಕೋರ್ಟ್, ತುರ್ತು ಚಿಕಿತ್ಸೆಗೆ ಹೋಗುವವರಿಗೆ ದಾರಿ ತೆರವುಗೊಳಿಸುವಂತೆ ಕೇಂದ್ರ ಸರಕಾರಕ್ಕೆ ನಿರ್ದೇಶನ ನೀಡಿತು. ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. ಕೇಂದ್ರ ಮತ್ತು ಎರಡೂ ರಾಜ್ಯಗಳ ಅಧಿಕಾರಿಗಳು ಕುಳಿತು ರೋಗಿಗಳನ್ನು ಬಿಡುವ ನಿಯಮಾವಳಿಯನ್ನು ಒಪ್ಪಿಕೊಂಡ ಬಳಿಕ ಏಪ್ರಿಲ್ 7ರಂದು ಪ್ರಕರಣ ಮುಕ್ತಾಯವಾಯಿತು. ರೋಗ ಹರಡದಂತೆ ತಡೆಯುವುದು ಸರಕಾರದ ಕರ್ತವ್ಯ ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಒಬ್ಬರ ಜೀವ ಉಳಿಸುವ ಕ್ರಮ ಇನ್ನೊಬ್ಬರ ಜೀವಕ್ಕೆ ತಡೆಯಾದಾಗ ಅದಕ್ಕೂ ಉತ್ತರ ಕೊಡಬೇಕಾಗುತ್ತದೆ. ಮರುವರ್ಷ 2021ರ ಮೇ ತಿಂಗಳಲ್ಲಿ ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ ಒಂದೇ ದಿನದೊಳಗೆ 24 ರೋಗಿಗಳು ಮೃತಪಟ್ಟು ಆಮ್ಲಜನಕದ ಕೊರತೆಯ ಆರೋಪ ಎದ್ದಾಗ ರಾಜ್ಯ ಹೈಕೋರ್ಟ್ ತನಿಖೆಗೆ ಸಮಿತಿ ರಚಿಸಿತು. ಯಾವ ಗಂಟೆಗೆ ಎಷ್ಟು ಸಿಲಿಂಡರ್ ಇತ್ತು, ಯಾರು ಯಾರಿಗೆ ತಿಳಿಸಿದರು ಎಂಬಂತಹ ಪ್ರಶ್ನೆಗಳೇ ಆಗಲೂ ಮುನ್ನೆಲೆಗೆ ಬಂದವು.

ಇಂದು ಬರೆದಿರುವುದೇನು?

1996ರ ಬಳಿಕ ಕಾನೂನಿನ ಪುಸ್ತಕದಲ್ಲಿ ಹಲವು ಸಾಲುಗಳು ಸೇರಿಕೊಂಡಿವೆ. ಕರ್ನಾಟಕದ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ ಜೀವರಕ್ಷಕ ತುರ್ತು ಚಿಕಿತ್ಸೆಯನ್ನು ಖಾಸಗಿ ಆಸ್ಪತ್ರೆಗಳಿಗೂ ಕಡ್ಡಾಯ ಮಾಡಿತು. ಗಾಯಾಳುವಿಗೆ ನೆರವಾದವರನ್ನು ಪೊಲೀಸ್ ಠಾಣೆ, ಕೋರ್ಟು ಎಂದು ಅಲೆಸಬಾರದೆಂಬ ಮಾರ್ಗಸೂಚಿಗಳಿಗೆ ಸುಪ್ರೀಂ ಕೋರ್ಟ್ 2016ರಲ್ಲಿ ಕಾನೂನಿನ ಬಲ ನೀಡಿತು. 2019ರಲ್ಲಿ ಆ ರಕ್ಷಣೆ ಮೋಟಾರು ವಾಹನ ಕಾಯ್ದೆಯಲ್ಲೇ ಸೇರಿತು. ರಾಜಸ್ಥಾನ 2023ರಲ್ಲಿ ಆರೋಗ್ಯದ ಹಕ್ಕಿನ ಕಾಯ್ದೆಯನ್ನು ಅಂಗೀಕರಿಸಿತು. ಸುಪ್ರೀಂ ಕೋರ್ಟಿನ ಒತ್ತಾಯದ ಬಳಿಕ 2025ರ ಮೇ ತಿಂಗಳಲ್ಲಿ ಕೇಂದ್ರ ಸರಕಾರ ರಸ್ತೆ ಅಪಘಾತದ ಗಾಯಾಳುಗಳಿಗೆ ಏಳು ದಿನಗಳ ತನಕ 1.5 ಲಕ್ಷ ರೂಪಾಯಿ ವರೆಗಿನ ನಗದುರಹಿತ ಚಿಕಿತ್ಸೆಯ ಯೋಜನೆಯನ್ನು ಪ್ರಕಟಿಸಿತು. ಇವುಗಳಲ್ಲಿ ಒಂದೊಂದೂ ಯಾರೋ ಒಬ್ಬರು ಸುಮ್ಮನಾಗದೆ ಕೇಳಿದ್ದರ ಫಲ.

ಆದರೆ ಬರೆದಿರುವುದು ಮತ್ತು ನಡೆಯುವುದರ ನಡುವೆ ಅಂತರ ಉಳಿದಿದೆ. ಆ ಅಂತರವನ್ನು ತುಂಬುವ ಕೆಲಸ ಮುಂದಿನ ಪೀಳಿಗೆಯದು. ನಮ್ಮ ವಿದ್ಯಾರ್ಥಿಗಳಲ್ಲಿ ಕೆಲವರು ವೈದ್ಯರಾಗುತ್ತಾರೆ, ಕೆಲವರು ನರ್ಸಿಂಗ್ ಓದುತ್ತಾರೆ, ಕೆಲವರು ವಕೀಲರಾಗುತ್ತಾರೆ, ಕೆಲವರು ಸರಕಾರಿ ನೌಕರಿಗೆ ಸೇರುತ್ತಾರೆ. ತುರ್ತು ವಿಭಾಗದ ರಿಜಿಸ್ಟರಿನ ಮುಂದೆ ಕುಳಿತವರು ಅದನ್ನು ಪ್ರಾಮಾಣಿಕವಾಗಿ ತುಂಬಿಸಲಿ. ಇನ್ನುಳಿದವರು ಕೇಳುವುದನ್ನು ಕಲಿಯಲಿ. ರೋಗಿಯನ್ನು ಬೇರೆಡೆಗೆ ಕಳುಹಿಸುವಾಗ ಕಾರಣ, ಗಂಟೆ ಮತ್ತು ವೈದ್ಯರ ಹೆಸರಿರುವ ಚೀಟಿಯನ್ನು ವಿನಯದಿಂದಲೇ ಕೇಳಿ ಪಡೆಯಬೇಕು. ತಾಲೂಕಿನಲ್ಲಿ ಎಷ್ಟು ಆಂಬುಲೆನ್ಸ್‌ಗಳಿವೆ, ಅವುಗಳಲ್ಲಿ ಎಷ್ಟು ಕೆಟ್ಟು ನಿಂತಿವೆ, ಆರೋಗ್ಯ ಕೇಂದ್ರದಲ್ಲಿ ಎಷ್ಟು ಹುದ್ದೆಗಳು ಖಾಲಿ ಇವೆ ಎಂಬುದನ್ನು 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಕೇಳಬಹುದು. ಡ್ಯೂಟಿಯಲ್ಲಿರುವ ವೈದ್ಯರ ಮೇಲೆ ಕೈ ಮಾಡುವುದರಿಂದ ಯಾರಿಗೂ ನ್ಯಾಯ ಸಿಗುವುದಿಲ್ಲ, ಅದು ಅಪರಾಧವೂ ಹೌದು. ಹಕೀಂ ಶೇಖ್‌ನ ಸಂಗಾತಿಗಳು ಆಸ್ಪತ್ರೆಯ ಗಾಜು ಒಡೆಯಲಿಲ್ಲ. ಪ್ರತಿಯೊಂದು ಆಸ್ಪತ್ರೆಯ ಹೆಸರನ್ನೂ, ಹೋದ ಗಂಟೆಯನ್ನೂ, ಕೊಟ್ಟ ಉತ್ತರವನ್ನೂ ಕ್ರಮವಾಗಿ ನ್ಯಾಯಾಲಯದ ಮುಂದಿಟ್ಟರು. ಬಡ ಕೃಷಿ ಕಾರ್ಮಿಕರ ಸಂಘಟನೆಯೊಂದು ಇಡೀ ದೇಶಕ್ಕೆ ಅನ್ವಯವಾಗುವ ತೀರ್ಪನ್ನು ಪಡೆದದ್ದು ಹೀಗೆ. ನಮ್ಮ ಸಂಘ ಸಂಸ್ಥೆಗಳು ಆಂಬುಲೆನ್ಸ್ ದಾನ ಮಾಡುವುದು ಪುಣ್ಯದ ಕೆಲಸ, ಅದು ನಡೆಯಲಿ. ಅದರ ಜೊತೆಗೆ, ಸರಕಾರದ ಆಂಬುಲೆನ್ಸ್ ಏಕೆ ಬರಲಿಲ್ಲ ಎಂದು ಲಿಖಿತವಾಗಿ ಕೇಳುವ ಕೆಲಸವೂ ನಡೆಯಲಿ.